ಎಎಚ್36, ಡಿಎಚ್36, ಇಎಚ್36: ಯಾವ ಪ್ಲೇಟು ಎಲ್ಲಿಗೆ?

ಇವು ಹಡಗು ಕಟ್ಟುವ ಉಕ್ಕಿನ ಗ್ರೇಡುಗಳು. ಮೂರೂ ಗ್ರೇಡಿನ ಕನಿಷ್ಠ ಯೀಲ್ಡ್ ಬಲ (ಉಕ್ಕು ಶಾಶ್ವತವಾಗಿ ಆಕಾರ ಕೆಡಲು ಶುರುವಾಗುವ ಮಟ್ಟ) ಒಂದೇ, 355 ಮೆಗಾಪಾಸ್ಕಲ್. ಹಾಗಿದ್ದರೆ ಜಾಸ್ತಿ ಬೆಲೆಯದ್ದು ಯಾಕೆ ಬೇಕು, ಅಲ್ವಾ?

ಉತ್ತರ ಸಿಕ್ಕಿದ್ದು ಗ್ರೇಡುಗಳ ಪಟ್ಟಿಯ ಚಾರ್ಪಿ ಪರೀಕ್ಷೆಯ ಸಾಲಿನಲ್ಲಿ. ಗೀರು ಹಾಕಿದ ಉಕ್ಕಿನ ತುಂಡಿಗೆ ಲೋಲಕದ ಸುತ್ತಿಗೆಯಿಂದ ಹೊಡೆದು, ಮುರಿಯುವಾಗ ಅದು ಎಷ್ಟು ಶಕ್ತಿ ಹೀರಿಕೊಳ್ಳುತ್ತದೆ ಎಂದು ಅಳೆಯುವ ಪರೀಕ್ಷೆ ಇದು. 50 ಮಿಮೀ ದಪ್ಪದವರೆಗೆ, ಪ್ಲೇಟಿನ ಉದ್ದದ ದಿಕ್ಕಿನಲ್ಲಿ ತೆಗೆದ ತುಂಡಿನಲ್ಲಿ ಮೂರೂ ಸರಾಸರಿ 34 ಜೌಲ್ ಹೀರಿಕೊಳ್ಳಬೇಕು. ಆದರೆ ಎಎಚ್36 ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ, ಡಿಎಚ್36 ಮೈನಸ್ 20ರಲ್ಲಿ, ಇಎಚ್36 ಮೈನಸ್ 40ರಲ್ಲಿ. ಕಡು ಚಳಿಗೆ ಸಿಕ್ಕಿದ ಉಕ್ಕು ಗಾಜಿನಂತೆ ಬಿರಿಯಬಹುದು. ನನಗೆ ಅದೇ ದೊಡ್ಡ ಚಿಂತೆ.

ಹಾಗಾಗಿ ಯೀಲ್ಡ್ ಕಾಲಂ ಬದಿಗಿಟ್ಟು, ಪ್ರತಿ ಭಾಗದ ದಪ್ಪ, ಅದು ಎದುರಿಸುವ ತಾಪಮಾನ, ಅದು ಮುರಿದರೆ ಏನಾಗುತ್ತದೆ ಎಂದು ಬರೆದುಕೊಂಡೆ. ತೆಳುವಾದ ಒಳಭಾಗಗಳಿಗೆ ಎಎಚ್36 ಸಾಕಾಯಿತು. ಚಳಿಗಾಳಿಗೆ ತೆರೆದ ದಪ್ಪ ಜಾಯಿಂಟುಗಳಿಗೆ ಇಎಚ್36. ಪ್ಲೇಟನ್ನು ದಪ್ಪದ ದಿಕ್ಕಿನಲ್ಲಿ ಎಳೆಯುವ ಕಡೆ, ಪದರ ಪದರವಾಗಿ ಹರಿಯದಂತೆ ಝಡ್35 (ದಪ್ಪದ ದಿಕ್ಕಿನ ಎಳೆತ ತಡೆಯುವ ಗುಣಮಟ್ಟ) ಕೂಡ ಕೇಳಿದೆ.