ಪಂಪಿನ ಶಾಫ್ಟ್ ಹಿಡಿದು ಉದ್ಯಮಬಾಗಕ್ಕೆ

ಕಬ್ಬಿಗೆ ಬೋದು ಏರಿಸುವ ಹೊತ್ತು. ಸಾಲಿನ ತುದಿಗೆ ಬಂದು ಲಿವರ್ ಎತ್ತಿದೆ, ರೋಟಾವೇಟರ್ ಮೇಲೇಳಲಿಲ್ಲ. ಇನ್ನೊಂದು ಸಲ ಎತ್ತಿದೆ, ಅರ್ಧ ಎದ್ದು ನಿಂತಿತು. ಮೂರನೇ ಸಲಕ್ಕೆ ಅದೂ ಇಲ್ಲ. ನಮ್ಮದು ಗೋಕಾಕ ತಾಲ್ಲೂಕಿನ ಒಂದು ಹಳ್ಳಿ. ಟ್ರ್ಯಾಕ್ಟರ್ ಸಣ್ಣದು, 22 ಎಚ್‌ಪಿ. ಕಬ್ಬಿನ ಸಾಲಿನ ನಡುವೆ ಓಡಾಡಲಿ ಅಂತಲೇ ತಗೊಂಡಿದ್ದು. ಅವತ್ತು ಸಾಲಿನ ನಡುವೆಯೇ ಕೂತುಬಿಟ್ಟಿತು.

ಮೊದಲು ಹೈಡ್ರಾಲಿಕ್ ಎಣ್ಣೆ ನೋಡಿದೆ. ಕಡಿಮೆ ಇತ್ತು, ತುಂಬಿಸಿದೆ. ಫಿಲ್ಟರ್ ತೊಳೆದೆ. ಏನೂ ಫರಕ್ ಇಲ್ಲ. ಆಮೇಲೆ ಲಿಫ್ಟ್ ಎತ್ತಲು ಎಣ್ಣೆ ಒತ್ತುವ ಹೈಡ್ರಾಲಿಕ್ ಪಂಪಿನಿಂದ ಹೊರಗೆ ಹೋಗುವ ಪೈಪಿನ ನಟ್ ಒಂದು ಸುತ್ತು ಸಡಿಲಿಸಿದೆ. ಸ್ಟಾಪ್ ಎಳೆದು ಹಿಡಿದು ಸುಮ್ನೆ ಸೆಲ್ಫ್ ಹೊಡೆ ಅಂತ ಮಗನಿಗೆ ಹೇಳಿದೆ. ಒಂದು ಹನಿ ಎಣ್ಣೆ ಬರಲಿಲ್ಲ. ಎಂಜಿನ್ ಚಾಲೂ ಇಟ್ಟು ಮಾತ್ರ ಇದನ್ನು ಮಾಡಬೇಡಿ. ಒತ್ತಡದ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ಹೊಕ್ಕುತ್ತದೆ, ಆಪರೇಶನ್ ಮಾಡಿಸುವ ತನಕ ಹೋಗಬಹುದು.

ಪಂಪ್ ಕೂತಿರುವುದು ಎಂಜಿನ್ನಿನ ಟೈಮಿಂಗ್ ಗೇರ್ ಪೆಟ್ಟಿಗೆಯ ಮೇಲೆ. ನಾಲ್ಕು ಬೋಲ್ಟ್ ಬಿಚ್ಚಿ ಹೊರಗೆ ತೆಗೆದೆ. ತುದಿಯ ಗೇರ್ ಹಿಡಿದು ತಿರುಗಿಸಿದರೆ ಗೇರ್ ಒಂದೇ ತಿರುಗುತ್ತಿದೆ, ಶಾಫ್ಟ್ ನಿಂತಲ್ಲೇ ನಿಂತಿದೆ. ನಟ್ ಕೈಯಲ್ಲೇ ಬಿಚ್ಚಿ ಬಂತು. ಒಳಗೆ ಗೇರನ್ನೂ ಶಾಫ್ಟನ್ನೂ ಜೋಡಿಸುವ ಅರ್ಧಚಂದ್ರ ಆಕಾರದ ಸಣ್ಣ ಕೀ ಇರಬೇಕಾದ ಜಾಗದಲ್ಲಿ ಯಾವುದೋ ಕಬ್ಬಿಣದ ತುಂಡು, ಅದೂ ಎರಡಾಗಿತ್ತು. ಶಾಫ್ಟಿನ ಗಾಡಿ, ಅಂದರೆ ಕೀ ಕೂರುವ ತೋಡು, ಬಾಯಿ ತೆರೆದುಕೊಂಡಿತ್ತು. ಗೇರ್ ಕೂರುವ ಟೇಪರ್, ಅಂದರೆ ಶಾಫ್ಟ್ ತುದಿಗೆ ಹೋದಂತೆ ಸಣ್ಣಗಾಗುವ ಭಾಗ, ಅದರ ಮೇಲೆಲ್ಲ ಉಜ್ಜಿದ ಗೆರೆಗಳು. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಈ ಪಂಪ್ ಬಿಚ್ಚಿಸಿದ್ದೆ. ಆಗಲೇ ಆ ತುಂಡು ತುರುಕಿದ್ದಾರೆ. ಲಾಕ್ ವಾಷರ್ ಅಂತೂ ಹಾಕೇ ಇಲ್ಲ. ಎದುರಿಗೇ ಕೂತು ಚಹಾ ಕುಡಿಯುತ್ತಿದ್ದ ನನಗೂ ಗೊತ್ತಾಗಲಿಲ್ಲ, ಏನು ಹೇಳೋದು.

ಇನ್ನೊಂದು ಮಾತು ಹೇಳಲು ನಾಚಿಕೆಯಾಗುತ್ತದೆ. ಹದಿನೈದು ದಿನದಿಂದ ಎಂಜಿನ್ನಿನ ಎಣ್ಣೆ ಮಟ್ಟ ತೋರಿಸುವ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆ ದಾಟುತ್ತಿತ್ತು. ಎಂಜಿನ್ ಆಯಿಲ್ ತಿನ್ನುತ್ತಿಲ್ಲ ಅಂತ ಖುಷಿಪಟ್ಟಿದ್ದೆ! ಪಂಪಿನ ಆಯಿಲ್ ಸೀಲ್ ಸವೆದು ಹೈಡ್ರಾಲಿಕ್ ಎಣ್ಣೆ ಎಂಜಿನ್ನಿಗೆ ಇಳಿಯುತ್ತಿತ್ತು, ಅಷ್ಟೇ.

ಊರಿನ ವೆಲ್ಡಿಂಗ್ ಹುಡುಗ ಗಾಡಿ ತುಂಬಿಸಿ ಕೊಡುತ್ತೇನೆ ಅಂದ. ಒಂದು ಅರ ತಂದು ಶಾಫ್ಟಿನ ಮೇಲೆ ಎಳೆದು ತೋರಿಸಿದೆ. ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಮೈ ಗಟ್ಟಿ ಮಾಡಿದ ಶಾಫ್ಟಿಗೆ ವೆಲ್ಡಿಂಗ್ ಕೊಟ್ಟರೆ ಪಕ್ಕದಲ್ಲೇ ಬಿರುಕು ಬಿಡುವ ಭಯ. ಹೊಸ ಪಂಪಿನ ದರ ಕೇಳಿದೆ, ಫೋನ್ ಇಟ್ಟೆ.

ಹಳೆ ಶಾಫ್ಟನ್ನೇ ರಿಪೇರಿ ಮಾಡಿಸೋಣ ಅಂತ ಬೆಳಗಾವಿಗೆ ಹೊರಟೆ. ಹೋಗುವ ಮೊದಲು ಪಂಪ್ ಪೂರ್ತಿ ಬಿಚ್ಚಿದೆ. ಬಿಚ್ಚುವ ಮುಂಚೆ ಬಾಡಿಯ ಜೋಡಣೆಗಳ ಮೇಲೆ ಅಡ್ಡಗೆರೆ ಗೀರಿಕೊಂಡೆ. ಒಳಗಿನ ‘3’ ಆಕಾರದ ಸೀಲ್ ಯಾವ ಕಡೆ ಮುಖ ಮಾಡಿತ್ತು ಅಂತ ಮೊಬೈಲಿನಲ್ಲಿ ಫೋಟೊ ತೆಗೆದೆ. ಎಣ್ಣೆ ಎಳೆಯುವ ಕಡೆ ಬಾಡಿಯಲ್ಲಿ ಗೇರ್ ಉಜ್ಜಿದ ಗುರುತು ಸ್ವಲ್ಪ ಇದ್ದೇ ಇರುತ್ತದೆ. ಅದು ಆಳವಾಗಿದ್ದರೆ, ಬುಶ್‌ಗಳೂ ಸವೆದಿದ್ದರೆ, ಶಾಫ್ಟಿಗೆ ಹಾಕುವ ದುಡ್ಡು ನೀರಿಗೆ ಹಾಕಿದ ಹಾಗೆ. ನನ್ನದು ಬಚಾವಾಗಿತ್ತು.

ಉದ್ಯಮಬಾಗ ಅಂದರೆ ಬೆಳಗಾವಿಯ ಖಾನಾಪುರ ರಸ್ತೆಯ ಕೈಗಾರಿಕಾ ಪ್ರದೇಶ, ಸುತ್ತ ಫೌಂಡ್ರಿ, ಲೇತ್, ಗ್ರೈಂಡಿಂಗ್. ಮೂರು ಕಡೆ ಕೇಳಿ ನಾಲ್ಕನೇ ಶೆಡ್ಡಿಗೆ ಹೋದೆ. ಅಲ್ಲಿದ್ದ ವಯಸ್ಸಾದ ಕಾಕಾ ಶಾಫ್ಟ್ ಕೈಗೆ ತಗೊಂಡು ಮೊದಲು ನಟ್ ಕೇಳಿದರು, ಕೀ ಅಲ್ಲ.

“ಕೀ ಕಡದೈತಿ ಕಾಕಾ,” ಅಂದೆ.

“ನಟ್ ಸಡ್ಲ ಆಗೇತಿ, ಅದಕ್ಕ ಕಡದೈತಿ. ಎಳಿಯೂದು ಕೀ ಅಲ್ಲೋ ತಮ್ಮಾ, ಟೇಪರ್. ಕೀ ಬರೇ ಜೋಡಿಗೆ ಇರೂದು.”

ಇಷ್ಟು ವರ್ಷ ನಾನು ತಿಳಿದುಕೊಂಡಿದ್ದು ಉಲ್ಟಾ. ಟೇಪರ್ ಗಟ್ಟಿಯಾಗಿ ಕಚ್ಚಿ ಕೂತರೆ ಭಾರವೆಲ್ಲ ಅದರ ಮೇಲೆ. ಸಡಿಲಾದರೆ ಅಷ್ಟೂ ಆ ಪುಟ್ಟ ಕೀ ಮೇಲೆ ಬೀಳುತ್ತದೆ.

ಹಾಗಾದರೆ ಟೇಪರನ್ನು ಚೆನ್ನಾಗಿ ಗ್ರೈಂಡ್ ಮಾಡಿಬಿಡಿ ಅಂದೆ. ಕಾಕಾ ನಕ್ಕರು. ಈ ಟೇಪರ್ 1:8. ಅಂದರೆ ವ್ಯಾಸದಲ್ಲಿ 0.1 ಮಿಮೀ ತೆಗೆದರೆ ಗೇರ್ 0.8 ಮಿಮೀ ಒಳಗೆ ಹೋಗಿ ಕೂರುತ್ತದೆ. ಜಾಸ್ತಿ ತೆಗೆದರೆ ಗೇರಿನ ಹಲ್ಲು ಸರಿಯಾಗಿ ಎದುರಾಗುವುದಿಲ್ಲ, ನಟ್ಟಿಗೆ ಬಿಗಿಯಲು ಜಾಗವೂ ಉಳಿಯುವುದಿಲ್ಲ. ಅದಕ್ಕೆ 0.05 ಮಾತ್ರ ತೆಗೆದರು, ಎದ್ದ ಗೆರೆ ಹೋಗುವಷ್ಟು. ಆಮೇಲೆ ವಾಲ್ವ್ ಕೂರಿಸುವ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಅದೇ ಗೇರನ್ನು ಅದೇ ಶಾಫ್ಟಿನ ಮೇಲೆ ಹಿಂದೆಮುಂದೆ ತಿರುಗಿಸಿ ಉಜ್ಜಲು ನನ್ನ ಕೈಗೇ ಕೊಟ್ಟರು. ಮುಕ್ಕಾಲು ಗಂಟೆ ಉಜ್ಜಿದೆ. ಪೇಸ್ಟ್ ತೊಳೆದು, ಎಲ್ಲೆಲ್ಲಿ ತಾಗುತ್ತದೆ ಅಂತ ತಿಳಿಯಲು ನೀಲಿ ಬಣ್ಣ ತೆಳ್ಳಗೆ ಹಚ್ಚಿ, ಗೇರ್ ಒತ್ತಿ ತೆಗೆದು ನೋಡಿದರು. ಒಂದು ಕಡೆ ಬಣ್ಣ ಹತ್ತಿರಲಿಲ್ಲ. ಮತ್ತೆ ಉಜ್ಜು. ಮೂರನೇ ಸಲಕ್ಕೆ ಸುತ್ತಲೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಬಣ್ಣ ಹತ್ತಿತು.

ಹಾಳಾದ ಗಾಡಿಯನ್ನು ಮುಟ್ಟಲೇ ಇಲ್ಲ. ಅದರ ಎದುರು ಬದಿಗೆ ಕಾರ್ಬೈಡ್ ಕಟರ್‌ನಲ್ಲಿ ಹೊಸ ಗಾಡಿ ಹೊಡೆದರು. ಈ ಪಂಪಿಗೆ ಎಂಜಿನ್ನಿನ ಜೊತೆ ಹೊಂದಿಸಬೇಕಾದ ಟೈಮಿಂಗ್ ಇಲ್ಲವಲ್ಲ, ಕೀ ಯಾವ ಬದಿಗಿದ್ದರೂ ನಡೆಯುತ್ತದೆ.

ಸೀಲಿನ ತುಟಿ ಉಜ್ಜಿದ ಜಾಗದಲ್ಲಿ ಉಗುರಿಗೆ ಸಿಗುವಂಥ ಗೆರೆ ಇತ್ತು. ಅದೇ ಗೆರೆಯ ಮೇಲೆ ಹೊಸ ಸೀಲ್ ಕೂರಿಸಿದರೆ ಮತ್ತೆ ಸೋರುತ್ತದೆ. ಸೀಲನ್ನು ಪೂರ್ತಿ ಒಳಗೆ ಬಡಿಯದೆ 2 ಮಿಮೀ ಹೊರಗೆ ನಿಲ್ಲಿಸಿದೆ. ತುಟಿಗೆ ಹೊಸ ಜಾಗ ಸಿಕ್ಕಿತು.

ಜೋಡಿಸುವಾಗ ಟೇಪರ್‌ಗೆ ಎಣ್ಣೆ, ಗ್ರೀಸ್ ಏನೂ ಹಚ್ಚಲಿಲ್ಲ. ಒಣಗಿದ್ದರೇನೇ ಅದು ಕಚ್ಚುವುದು. ಕೀ ನೆತ್ತಿಗೂ ಗೇರಿಗೂ ನಡುವೆ ಸಂದು ಇದೆಯಾ ಅಂತ ನೋಡಿಕೊಂಡೆ. ಕೀ ತಾಗಿದರೆ ಟೇಪರ್ ಪೂರ್ತಿ ಕೂರುವುದಿಲ್ಲ. ಹೊಸ ಲಾಕ್ ವಾಷರ್ ಹಾಕಿ, ಬಿಗಿತ ಅಳೆದು ತೋರಿಸುವ ಟಾರ್ಕ್ ಪಾನಾ ಇಸ್ಕೊಂಡು ಬಂದು ಕೈಪಿಡಿಯ ಅಳತೆಗೆ ಬಿಗಿದೆ. ಎಂಜಿನ್ ಆಯಿಲ್ ಪೂರ್ತಿ ಚೆಲ್ಲಿ, ಎಂಜಿನ್ ತಳದ ಎಣ್ಣೆ ತೊಟ್ಟಿ ಸಂಪಿನೊಳಗೆ ಮ್ಯಾಗ್ನೆಟ್ ಆಡಿಸಿದಾಗ ಕೀ ಚೂರು ಸಿಕ್ಕಿತು.

ಪಂಪಿನೊಳಗೆ ಎಣ್ಣೆ ಸುರಿದೇ ಚಾಲೂ ಮಾಡಿದೆ. ಒಣ ಪಂಪ್ ತಿರುಗಿಸಬಾರದು. ಹತ್ತು ನಿಮಿಷ ರೇಸ್ ಕೊಡದೆ ಬರಿ ಲಿಫ್ಟ್ ಮೇಲೆ ಕೆಳಗೆ ಮಾಡಿದೆ, ಮೊದಲು ಗಾಳಿ ಇದ್ದುದರಿಂದ ತಡವರಿಸಿತು, ಆಮೇಲೆ ಸರಿಹೋಯಿತು. ರೋಟಾವೇಟರ್ ಕಟ್ಟಿದ್ದು ಅದಾದ ಮೇಲೆ.

ಈಗ ದಿನಾ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ನೋಡುತ್ತೇನೆ. ಆರು ವಾರ ಆಯ್ತು, ಆಯಿಲ್ ಮೇಲಿನ ಗೆರೆ ದಾಟಿಲ್ಲ.