ಸರ್, ಇನ್ನೂ ಒಣಗಿಲ್ಲ

ನಮ್ಮ ಎಳೆಮಕ್ಕಳ ಐಸಿಯುನಲ್ಲಿ 28 ವಾರಕ್ಕೇ ಹುಟ್ಟಿದ ಪಾಪು. ತೂಕ 980 ಗ್ರಾಂ. ಎಂಟು ದಿನ ಚೆನ್ನಾಗಿಯೇ ಇತ್ತು. ಒಂಬತ್ತನೇ ರಾತ್ರಿ ಡೈಪರ್ ಬದಲಿಸುವಾಗ ಯಾಕೋ ಮುಖದಲ್ಲಿ ಕಳೆ ಇಲ್ಲ ಅನ್ನಿಸಿತು. ಪಾದ ಮುಟ್ಟಿದರೆ ಸರಕ್ಕನೆ ಕಾಲು ಎಳೆದುಕೊಳ್ಳುತ್ತಿದ್ದ ಮಗು ಅವತ್ತು ಸುಮ್ನೆ ಬಿಟ್ಟಿತ್ತು. ಮೈಬಣ್ಣ ಬೂದಿ ಬೂದಿ. ಜ್ವರ ಇರಲಿಲ್ಲ. ಇಷ್ಟು ಚಿಕ್ಕ ಮಕ್ಕಳಿಗೆ ರಕ್ತದಲ್ಲಿ ಸೋಂಕಾದರೆ ಜ್ವರವೇ ಬರಬೇಕು ಅಂತೇನಿಲ್ಲ, ಮೈ ತಣ್ಣಗಾಗುವುದೂ ಉಂಟು. ಅರ್ಧ ಗಂಟೆಯೊಳಗೆ ಎರಡು ಸಲ ಉಸಿರು ನಿಂತು ಮಾನಿಟರ್ ಕೂಗಿತು.

ಡಾಕ್ಟರ್ ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ) 1 ಎಂಎಲ್ ರಕ್ತ ತೆಗೆದು, ಆಮೇಲೆ ಆಂಟಿಬಯೋಟಿಕ್ ಶುರು ಮಾಡಿದರು. ಔಷಧಿ ಮೊದಲು ಹೋದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಇರಬಹುದು. ಬೆಳೆದದ್ದು ನಮ್ಮೆಲ್ಲರ ಚರ್ಮದ ಮೇಲೂ ಇರುವ ಒಂದು ಸ್ಟ್ಯಾಫಿಲೊಕಾಕಸ್. ಔಷಧಿ, ಆಹಾರ ಕೊಡಲು ರಕ್ತನಾಳಕ್ಕೆ ಹಾಕಿದ್ದ ಸಣ್ಣ ಕೊಳವೆ, ಅಂದರೆ ಲೈನ್, ತೆಗೆದರು, ಪಾಪು ಚೇತರಿಸಿಕೊಂಡಿತು. ಆದರೆ ಆ ಬ್ಯಾಕ್ಟೀರಿಯಾ ಯಾರದೋ ಕೈಯಿಂದ ಹೋಗಿರಬಹುದು. ನನ್ನ ಕೈಯಿಂದಲೇ ಹೋಗಿರಬಹುದು. ಆ ಯೋಚನೆ ನನ್ನನ್ನು ಬಿಡಲಿಲ್ಲ.

ಲೈನ್ ಹಾಕುವಾಗ ಗೌನು, ಮಾಸ್ಕು, ಗ್ಲೌಸು ಎಲ್ಲ ಸರಿಯಾಗೇ ಇರುತ್ತದೆ. ನಾವು ಎಡವುವುದು ಆಮೇಲಿನ ದಿನಗಳಲ್ಲಿ. ಲೈನಿನ ತುದಿಯ ಹಬ್, ಅಂದರೆ ಸಿರಿಂಜ್ ಜೋಡಿಸುವ ಬಾಯಿ, ಎಷ್ಟು ಸಲ ತೆರೆಯುತ್ತೇವೆ ಅಂತ ಒಂದು ಡ್ಯೂಟಿಯಲ್ಲಿ ಚೀಟಿ ಮೇಲೆ ಗೆರೆ ಹಾಕುತ್ತಾ ಹೋದೆ. ಮುಗಿಯುವಷ್ಟರಲ್ಲಿ 14 ಗೆರೆ. ಅಷ್ಟು ಸಲವೂ ರಕ್ತಕ್ಕೆ ನೇರ ದಾರಿ ತೆರೆದ ಹಾಗೇ ಅಲ್ವಾ?

ನಾನು ಬದಲಿಸಿಕೊಂಡದ್ದು ಚಿಕ್ಕದು. ಕೈಗೆ ಹ್ಯಾಂಡ್‌ರಬ್ ಹಾಕಿ ಬೆರಳ ಸಂದು, ಹೆಬ್ಬೆರಳು ಬಿಡದೆ ತಿಕ್ಕುತ್ತೇನೆ. ಆಮೇಲೆ ಆಲ್ಕೊಹಾಲ್ ಸ್ವಾಬ್‌ನಿಂದ ಹಬ್ಬನ್ನು ತಿರುಗಿಸಿ ತಿರುಗಿಸಿ 15 ಸೆಕೆಂಡ್ ಉಜ್ಜುತ್ತೇನೆ. ಸುಮ್ನೆ ಒರೆಸಿದರೆ ಸಾಲದು. ಆಮೇಲೆ ಒಣಗಲು ಬಿಡಬೇಕು, ಇದೇ ಕಷ್ಟ. ಪಕ್ಕದ ಬೆಡ್‌ನಲ್ಲಿ ಅಲಾರಂ ಹೊಡೆಯುತ್ತಿರುವಾಗ ಸಿರಿಂಜ್ ಹಿಡಿದು ಸುಮ್ಮನೆ ನಿಲ್ಲುವುದು ಕೆಲಸಗಳ್ಳತನದಂತೆ ಕಾಣುತ್ತದೆ. ಅದಕ್ಕೇ ಮೆಲ್ಲಗೆ ಬಾಯಿಬಿಟ್ಟೇ ಎಣಿಸುತ್ತೇನೆ.

ಔಷಧಿಗಳ ಹೊತ್ತನ್ನು ಆದಷ್ಟು ಒಟ್ಟುಗೂಡಿಸಿದೆವು, ತೀರಾ ಬೇಡದ ರಕ್ತಪರೀಕ್ಷೆ ಬಿಟ್ಟೆವು. ಬೆಳಗಿನ ರೌಂಡ್ಸ್‌ನಲ್ಲಿ ಪ್ರತಿ ಮಗುವಿಗೂ ಒಂದೇ ಪ್ರಶ್ನೆ: ಈ ಲೈನ್ ಇವತ್ತೂ ಬೇಕಾ? ತಾಯಿಹಾಲು ಬೇಗ ಶುರುವಾಗಿ ಹೊಟ್ಟೆಗೆ ಒಗ್ಗಿದರೆ ಲೈನ್ ಬೇಗ ಬಿಚ್ಚಬಹುದು. ಹಾಗಾಗಿ ಅಮ್ಮಂದಿರ ಪಕ್ಕ ಕೂತು ಹಾಲು ಹಿಂಡಲು ಸಹಾಯ ಮಾಡುವುದೂ ನನಗೆ ಸೋಂಕು ತಡೆಯುವ ಕೆಲಸವೇ.

ಮೊನ್ನೆ ಹೊಸದಾಗಿ ಸೇರಿದ ಸಿಸ್ಟರ್ ಒಬ್ಬಳು, ಸಿರಿಂಜ್ ಜೋಡಿಸಲು ಹೊರಟ ಹಿರಿಯ ಡಾಕ್ಟರಿಗೆ ಕೈ ಅಡ್ಡ ಹಿಡಿದು, "ಸರ್, ಇನ್ನೂ ಒಣಗಿಲ್ಲ" ಅಂದಳು. ಅವರು ಕಾದರು.