ಹಳೆ ಡೋಮು, ಹೊಸ ಕ್ಯಾಮೆರಾ: ನಡುವೆ 22 ಮಿ.ಮೀ. ರಿಂಗು

ನೀರೊಳಗೆ ಚಿತ್ರ ತೆಗೆಯೋಕೆ ಕ್ಯಾಮೆರಾ ಕೂರಿಸುವ ಪೆಟ್ಟಿಗೆಗೆ ಹೌಸಿಂಗ್ ಅಂತಾರೆ, ಲೆನ್ಸಿನ ಮುಂದೆ ಬರುವ ಅದರ ಗುಮ್ಮಟದಂಥ ಪಾರದರ್ಶಕ ಕಿಟಕಿಗೆ ಡೋಮ್ ಪೋರ್ಟು. ಫಿಲ್ಮ್ ಕಾಲದ ಹೌಸಿಂಗಿನಿಂದ ಬಿಚ್ಚಿದ ಎಂಟು ಇಂಚಿನ ಅಕ್ರಿಲಿಕ್ ಡೋಮ್ ಪೋರ್ಟು ಮಿರರ್‌ಲೆಸ್ ಕ್ಯಾಮೆರಾಕ್ಕೆ ಆಗೋದಿಲ್ಲ, ಮೂಲೆ ಮಸುಕಾಗುತ್ತೆ, ನೀರು ಸೋರುತ್ತೆ ಅಂತ ಬಲ್ಲವರೇ ಹೇಳಿದ್ದರು. ಹೌಸಿಂಗಿಗೂ ಪೋರ್ಟಿಗೂ ನಡುವೆ ಕೂರುವ ರಿಂಗು ಮಾಡಿಸಹೋಗಿ ಮೂರು ಹಾಳಾದವು. ನಾಲ್ಕನೆಯದು ಎರಡು ಬೇಸಿಗೆ ತುಂಗೆಯಲ್ಲಿ ಮುಳುಗಿ ಎದ್ದಿದೆ, ಒಳಗೆ ಒಂದು ಹನಿ ಇಲ್ಲ. ಕ್ಯಾಮೆರಾ ಸೋನಿ ಎ6400, ಲೆನ್ಸ್ 10–18 ಮಿ.ಮೀ. ನಿಮ್ಮದು ಬೇರೆಯಾದರೆ ಲೆಕ್ಕ ಮಾತ್ರ ತಗೊಳ್ಳಿ, ಅಳತೆ ಬೇಡ.

ಮೊದಲು ಡೋಮಿನ ತ್ರಿಜ್ಯ. ಎಂಟು ಇಂಚು ಅಂತ ಹೆಸರಿದ್ದರೂ ಇವು ಪೂರ್ತಿ ಅರ್ಧಗೋಳ ಅಲ್ಲ. ನನ್ನದರ ಬಾಯಿ 200 ಮಿ.ಮೀ., ಎತ್ತರ 85. ಬಾಯಿಯ ವರ್ಗವನ್ನು ಎತ್ತರದ ಎಂಟರಷ್ಟರಿಂದ ಭಾಗಿಸಿ, ಅದಕ್ಕೆ ಎತ್ತರದ ಅರ್ಧ ಕೂಡಿಸಿದರೆ ತ್ರಿಜ್ಯ: 58.8 ಮತ್ತು 42.5, ಒಟ್ಟು 101. ಅಂದರೆ ಗೋಳದ ಕೇಂದ್ರ ಬಾಯಿಯ ಅಂಚಿಗಿಂತ 16 ಮಿ.ಮೀ. ಹಿಂದೆ ಇದೆ. ಲೆನ್ಸಿನ ಎಂಟ್ರೆನ್ಸ್ ಪ್ಯೂಪಿಲ್, ಅಂದರೆ ಲೆನ್ಸು ಲೋಕವನ್ನು ನೋಡುವ ಬಿಂದು, ಅಲ್ಲೇ ಕೂರಬೇಕು. ಹಳೆ ಪೋರ್ಟು ಕೆಟ್ಟದ್ದು ಅನ್ನೋರಲ್ಲಿ ಹೆಚ್ಚಿನವರು ಇದನ್ನು ಅಳೆದೇ ಇರೋದಿಲ್ಲ.

ಪ್ಯೂಪಿಲ್ ಹುಡುಕೋಕೆ ತೋಟಕ್ಕೆ ಹೋದರೆ ಸಾಕು. ಅರ್ಧ ಮಾರು ದೂರದಲ್ಲಿ ಒಂದು ತೆಳು ಕೋಲು ನೆಟ್ಟು, ಹಿಂದೆ ದೂರದ ಒಂದು ಅಡಿಕೆ ಮರಕ್ಕೆ ಸರಿಯಾಗಿ ಹೊಂದಿಸಿ. ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನು ಹಿಂದೆ ಮುಂದೆ ಜರುಗಿಸುತ್ತಾ ಎಡಬಲಕ್ಕೆ ತಿರುಗಿಸಿ. ಕೋಲು ಮರದಿಂದ ಅಗಲದೆ ನಿಂತಾಗ, ತಿರುಗುವ ಅಕ್ಷದ ನೇರಕ್ಕೆ ಇರೋದೇ ಪ್ಯೂಪಿಲ್. ಇದನ್ನು 10ರಲ್ಲೇ ನೋಡಿ, ಝೂಮ್ ಮಾಡಿದರೆ ಸರಿಯುತ್ತೆ. ನನಗೆ ಅದು ಹೌಸಿಂಗಿನ ಮುಖಕ್ಕಿಂತ 14 ಮಿ.ಮೀ. ಮುಂದೆ ಸಿಕ್ಕಿತು. 14ಕ್ಕೆ 16 ಸೇರಿಸಿದರೆ 30. ಪೋರ್ಟಿನದೇ ಲೋಹದ ಕುತ್ತಿಗೆ 8 ತಿನ್ನುತ್ತೆ. ಉಳಿದ 22 ರಿಂಗಿನ ಪಾಲು.

ಈ ಲೆಕ್ಕಕ್ಕೆ ಮುಂಚೆ ಕಣ್ಣಂದಾಜಿನಲ್ಲಿ 40ರ ರಿಂಗು ಮಾಡಿಸಿದ್ದೆ. ಎಫ್/8 ಅಪರ್ಚರಿನಲ್ಲಿ (ಬೆಳಕು ಬಿಡುವ ತೂತಿನ ಅಳತೆ) ಮೂಲೆಗಳು ಎಳೆದ ರಬ್ಬರಿನ ಹಾಗೆ ಬಂದವು. 22ರಲ್ಲಿ ಎಫ್/11ಕ್ಕೆ ಸ್ವಚ್ಛ. ಫೋಕಸ್ಸಿಗೆ ಡಯಾಪ್ಟರ್ (ಹತ್ತಿರದ್ದನ್ನು ಹಿಡಿಯಲು ಹಾಕುವ ಹೆಚ್ಚುವರಿ ಮಸೂರ) ಬೇಕಾಗಲಿಲ್ಲ. ನೀರಿನಲ್ಲಿ ಅತಿ ದೂರದ ವಸ್ತುವಿನ ಬಿಂಬ ಡೋಮಿನ ಮುಂದೆ ತ್ರಿಜ್ಯದ ಮೂರರಷ್ಟು, ಅಂದರೆ 30 ಸೆಂ.ಮೀ. ದೂರದಲ್ಲಿ ನಿಲ್ಲುತ್ತೆ, ಈ ಲೆನ್ಸು ಸೆನ್ಸರಿನಿಂದ 25 ಸೆಂ.ಮೀ.ವರೆಗೂ ಹಿಡಿಯುತ್ತೆ.

ಇನ್ನು ಸೋರಿಕೆ. ದುಡ್ಡು ಹೋಗಿದ್ದೆಲ್ಲ ಇಲ್ಲೇ. ಮೊದಲನೇ ರಿಂಗು 3ಡಿ ಪ್ರಿಂಟಿನದು, 900 ರೂಪಾಯಿ. ಪದರಗಳ ಸಂದಿಯಲ್ಲೇ ನೀರು ಜಿನುಗಿತು. ಓ-ರಿಂಗ್, ಅಂದರೆ ನೀರು ತಡೆಯುವ ರಬ್ಬರ್ ಬಳೆ, ಎಷ್ಟು ಒಳ್ಳೇದಿದ್ದರೂ ಗೋಡೆಯೇ ಜರಡಿಯಾದರೆ ಏನು ಮಾಡೋದು? ಎರಡನೆಯದು ಅಲ್ಯೂಮಿನಿಯಂ, ಶಿವಮೊಗ್ಗದ ಲೇತಿನಲ್ಲಿ. ಅಡಿಕೆ ಸುಲಿಯೋ ಯಂತ್ರದ ಶಾಫ್ಟು, ಪಂಪಿನ ಬುಶ್ ಮಾಡುವ ಕೈಗೆ ಇದೇನು ದೊಡ್ಡದಲ್ಲ. ಆದರೆ ಓ-ರಿಂಗ್ ಕೂರುವ ಮುಖದಲ್ಲಿ ಟೂಲಿನ ಗೆರೆ ಸುರುಳಿಯಾಗಿ ಉಳಿದಿತ್ತು. ಆ ಸುರುಳಿ ನೀರಿಗೆ ಕಾಲುವೆ. ಈಗ ಕೊನೆಗೆ 600ರ ಎಮರಿ ಹಾಳೆ ಹಿಡಿದು, ರಿಂಗು ಲೇತಿನಲ್ಲಿ ತಿರುಗುತ್ತಿರುವಾಗಲೇ ಸುತ್ತಿನ ದಿಕ್ಕಿಗೇ ಉಜ್ಜಿಸುತ್ತೇನೆ. ಅಡ್ಡ ಉಜ್ಜಿದರೆ ಮತ್ತೆ ಅದೇ ಕಥೆ.

ಓ-ರಿಂಗ್ ಕೂರುವ ಗ್ರೂವಿನ ಅಳತೆ ಬಾಯಿಮಾತಲ್ಲಿ ಹೇಳಬೇಡಿ, ಚೀಟಿಯಲ್ಲಿ ಬರೆದು ಕೊಡಿ. 2.62 ಮಿ.ಮೀ. ದಪ್ಪದ ನೈಟ್ರೈಲ್ ಓ-ರಿಂಗಿಗೆ ಆಳ 2.1, ಅಗಲ 3.6. ಅಂಗಡಿಯಲ್ಲಿ 3 ಮಿ.ಮೀ.ದೇ ಸುಲಭವಾಗಿ ಸಿಗೋದು, 'ಇದೂ ಆಗುತ್ತೆ ಸಾರ್' ಅಂತಾರೆ. ಆಗೋದಿಲ್ಲ. ಪೋರ್ಟು ಪೂರ್ತಿ ಕೂರೋದಿಲ್ಲ, ಒತ್ತಿ ಕೂರಿಸಿದರೆ ರಬ್ಬರಿನ ಸಿಪ್ಪೆ ಏಳುತ್ತೆ. ರಿಂಗಿನ ಬಾಯಿಗೆ 15–20 ಡಿಗ್ರಿ ಇಳಿಜಾರು ಕೊಡದಿದ್ದರೂ ಅಷ್ಟೆ. ಗ್ರೀಸು ಹೊಳಪು ಬರೋವಷ್ಟು ಸಾಕು. ಸಿಲಿಕೋನ್ ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಹಾಕಬೇಡಿ, ಊದಿಕೊಳ್ಳುತ್ತೆ.

ಮೂರನೇ ರಿಂಗು ಅಳತೆಯಲ್ಲಿ ಸರಿಯೇ ಇತ್ತು, ಹಾರ್ಡ್ ಆನೊಡೈಸ್ (ಅಲ್ಯೂಮಿನಿಯಂ ಮೇಲೆ ಗಡಸು ಆಕ್ಸೈಡ್ ಪದರ) ಮಾಡಿಸಿ ಕೆಡಿಸಿದೆ. ಪದರದ ಅರ್ಧ ದಪ್ಪ ಹೊರಕ್ಕೆ ಬೆಳೆಯುತ್ತೆ. 50 ಮೈಕ್ರಾನ್ ಹಾಕಿಸಿದರೆ ರಂಧ್ರದ ವ್ಯಾಸ ಅಷ್ಟೇ, 50 ಮೈಕ್ರಾನ್, ಕಿರಿದಾಗುತ್ತೆ. ನಾನು ಬಿಟ್ಟಿದ್ದ ಸಡಿಲವೂ ಅಷ್ಟೇ ಇದ್ದಿದ್ದು! ಪೋರ್ಟು ಒಳಗೇ ಹೋಗಲಿಲ್ಲ. ಈಗ 0.15 ಮಿ.ಮೀ. ಬಿಡಿಸುತ್ತೇನೆ.

ಡೋಮು ಮತ್ತು ಅದರ ಲೋಹದ ಚೌಕಟ್ಟಿನ ನಡುವಿನ ಹಳೆ ಅಂಟು ಒಣಗಿ ಬಿರುಕು ಬಿಟ್ಟಿತ್ತು. ಎಪಾಕ್ಸಿ ತುಂಬಿದೆ, ಒಂದೇ ಬಿಸಿಲಿಗೆ ಬಿಟ್ಟುಕೊಂಡಿತು. 200 ಮಿ.ಮೀ. ಅಗಲಕ್ಕೆ 25 ಡಿಗ್ರಿ ಏರಿದರೆ ಅಕ್ರಿಲಿಕ್ ಅಲ್ಯೂಮಿನಿಯಂಗಿಂತ ಹತ್ತಿರ ಹತ್ತಿರ ಕಾಲು ಮಿ.ಮೀ. ಜಾಸ್ತಿ ಹಿಗ್ಗುತ್ತೆ, ಗಡಸು ಅಂಟು ತಡೆಯೋದಿಲ್ಲ. ನ್ಯೂಟ್ರಲ್ ಸಿಲಿಕೋನ್ ಬೇಕು. ವಿನೆಗರ್ ವಾಸನೆ ಬರುವ ಟ್ಯೂಬು ಅಲ್ಯೂಮಿನಿಯಂ ತಿನ್ನುತ್ತೆ. ಹಳೆ ಅಂಟು ಬಿಡಿಸೋದಕ್ಕೆ ಒಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ತೇನೆ. ತಿನ್ನರ್, ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ. ಅಕ್ರಿಲಿಕ್ ತುಂಬ ಕೂದಲೆಳೆ ಬಿರುಕು ಏಳುತ್ತೆ.

ಹೊರಗಿನ ಗೀರಿಗೆ ತಲೆ ಕೆಡಿಸಿಕೊಳ್ಳಬೇಡಿ, ನೀರು ತುಂಬಿ ಅರ್ಧಕ್ಕರ್ಧ ಮಾಯ. ಒಳಗಿನ ಗೀರು ಮಾಯವಾಗೋದಿಲ್ಲ, ಅಲ್ಲಿರೋದು ಗಾಳಿ. 800, 1200, 2000, 3000 ನೀರು ಹಾಳೆ, ಆಮೇಲೆ ಪ್ಲಾಸ್ಟಿಕ್ ಪಾಲಿಶು, ಒಂದು ಪೂರ್ತಿ ದಿನ. 800ರ ಗುರುತು ಪೂರ್ತಿ ಹೋಗದೆ 1200ಕ್ಕೆ ಹೋದರೆ ಮತ್ತೆ ಮೊದಲಿನಿಂದ.

ನಡುವೆ ಸಿಸಿಟಿವಿ ಕ್ಯಾಮೆರಾದ ಡೋಮು 250 ರೂಪಾಯಿಗೆ ತಂದು ನೋಡಿದೆ. ದಪ್ಪ ಒಂದೇ ಸಮ ಇಲ್ಲ, ಚಿತ್ರ ನಡುಮಧ್ಯೆಯೇ ಮಸುಕು. ಎಫ್/16ಕ್ಕೂ ಬಗ್ಗಲಿಲ್ಲ.

ಪರೀಕ್ಷೆಗೆ ಬೈಕಿನ ಬ್ರೇಕ್ ಬ್ಲೀಡ್ ಮಾಡುವ ಕೈಪಂಪು, ಗೇಜ್ ಸಮೇತ. ಉಪಯೋಗಿಸದ ಒಂದು ಬಟನ್ನಿನ ರಂಧ್ರಕ್ಕೆ ವಾಲ್ವು ಕೂರಿಸಿ 150 ಮಿ.ಮೀ. ಪಾದರಸದಷ್ಟು ಗಾಳಿ ಎಳೆದು ಒಂದು ಗಂಟೆ ಬಿಡಿ. ನೆರಳಲ್ಲೇ ಇಡಿ. ಐದು ಡಿಗ್ರಿ ಬಿಸಿಯಾದರೆ ಮುಳ್ಳು ಹತ್ತು ಮಿ.ಮೀ. ಇಳಿದು, ಇಲ್ಲದ ಸೋರಿಕೆ ತೋರಿಸುತ್ತೆ. ಆ ನಿರ್ವಾತವನ್ನು ಹಾಗೇ ಇಟ್ಟುಕೊಂಡು ನೀರಿಗಿಳಿಯಿರಿ. ಸೋರೋದು ಆಳದಲ್ಲಲ್ಲ, ಮೇಲೆಯೇ. 120 ಮಿ.ಮೀ. ಸೀಲಿನ ಪೋರ್ಟನ್ನು ಮೂರು ಮೀಟರ್ ಆಳದ ನೀರು ಸುಮಾರು 35 ಕೆಜಿಯಲ್ಲಿ ಒತ್ತಿ ಹಿಡಿಯುತ್ತೆ, ಅರ್ಧ ಮೀಟರಿನಲ್ಲಿ ಆರು ಕೆಜಿಯೂ ಇಲ್ಲ. ನಮ್ಮ ಹೊಳೆ ಕೆಲಸ ಪೂರಾ ಅರ್ಧ ಮೀಟರಿನದು.

ಡೋಮಿನೊಳಗೆ ಸುಮಾರು ಒಂದೂವರೆ ಲೀಟರ್ ಗಾಳಿ ಇರೋದರಿಂದ ಮೂತಿ ಮೇಲಕ್ಕೇಳುತ್ತೆ. ಬೀಸುಬಲೆಗೆ ಕಟ್ಟುವ ಸೀಸದ ಗುಂಡು ಒಂದು ಕೆಜಿ ಚಿಲ್ಲರೆ ರಿಂಗಿನ ಕೆಳಗೆ ಕಟ್ಟಿದರೆ ಸಮ. ಅರ್ಧ ನೀರು ಅರ್ಧ ಆಕಾಶದ ಚಿತ್ರಕ್ಕೆ ಡೋಮಿನ ಮೇಲೆ ಹನಿ ನಿಲ್ಲಬಾರದು. ಅದಕ್ಕೆ ನಾನು ಹಚ್ಚೋದು ಮಲೆನಾಡಿನ ಹಿತ್ತಲಲ್ಲೆಲ್ಲ ಸಿಗುವ ಒಂದು ಸೊಪ್ಪಿನ ಲೋಳೆ. ಯಾವ ಸೊಪ್ಪು ಅಂತ ಮನೆಯ ಹೆಂಗಸರನ್ನು ಕೇಳಿ.

ಮೊದಲ ಮುಳುಗು ಕ್ಯಾಮೆರಾ ಇಲ್ಲದೆ, ಒಳಗೆ ಒಣ ಟಿಶ್ಯೂ ಇಟ್ಟು, ತೋಟದ ಕೆರೆಯಲ್ಲಿ. ಶೃಂಗೇರಿ, ಚಿಬ್ಬಲಗುಡ್ಡೆಯ ದೇವರ ಮೀನಿನ ಮಡುವು ಪರೀಕ್ಷೆಯ ಜಾಗ ಅಲ್ಲ. ಮಳೆಗಾಲದ ಕೆಂಪು ನೀರಲ್ಲಿ ಯಾವ ಪೋರ್ಟೂ ಒಂದೇ. ಡಿಸೆಂಬರ್–ಫೆಬ್ರವರಿ ಬರೋವರೆಗೆ ಕಾಯಿರಿ.

ಖರ್ಚು: ಹಳೆ ಹೌಸಿಂಗ್ ಎರಡು ಪೋರ್ಟಿನ ಸಮೇತ 4,500, ನಾಲ್ಕೂ ರಿಂಗಿಗೆ ಕೂಡಿ 8,000ದ ಹತ್ತಿರ, ಪಂಪು ಚಿಲ್ಲರೆ ಎಲ್ಲ 2,000. ಜೊತೆಗೆ ಬಂದ ಫ್ಲಾಟ್ ಪೋರ್ಟಿಗೆ (ಚಪ್ಪಟೆ ಕಿಟಕಿ) 16–50 ಲೆನ್ಸ್ ಹಾಕಿ ನೋಡಿದೆ. 83 ಡಿಗ್ರಿಯ ನೋಟ ನೀರಲ್ಲಿ 60ಕ್ಕೆ ಕುಗ್ಗಿ ಅಂಚಿಗೆ ನೇರಳೆ ಗೆರೆ ಬಂತು. ಅದನ್ನು ಮ್ಯಾಕ್ರೋಗೆ ಮೀಸಲಿಟ್ಟೆ. ಅದರ ರಿಂಗು ಇನ್ನೂ ಲೇತಿನವರ ಹತ್ತಿರವೇ ಇದೆ, ಅಡಿಕೆ ಕೊಯ್ಲು ಮುಗಿಯೋವರೆಗೆ ಸಿಗೋದಿಲ್ಲವಂತೆ.